ದೊರೆಯದ ಗ್ರಂಥದ ಲೆಕ್ಕ: ವಿಶ್ವವಿದ್ಯಾನಿಲಯದ ಗ್ರಂಥಭಂಡಾರ ಮತ್ತು ಗಣಕ ಸೇವೆಗಳ ಮೌಲ್ಯಮಾಪನವನ್ನು ಕುರಿತು

ವಿದ್ಯಾಸಂಸ್ಥೆಯೊಂದರ ಗ್ರಂಥಭಂಡಾರವು ಹೇಗಿದೆಯೆಂದು ಪ್ರಶ್ನಿಸಿದರೆ ಸಾಮಾನ್ಯವಾಗಿ ದೊರೆಯುವ ಉತ್ತರವು ಸಂಖ್ಯೆಗಳ ರೂಪದ್ದು. ಇಷ್ಟು ಸಾವಿರ ಗ್ರಂಥಗಳು, ಇಷ್ಟು ನಿಯತಕಾಲಿಕಗಳು, ಇಷ್ಟು ಕಂಪ್ಯೂಟರುಗಳು, ಈ ವರ್ಷ ಇಷ್ಟು ಲಕ್ಷ ರೂಪಾಯಿ ವೆಚ್ಚ ಎಂದು ಪಟ್ಟಿ ಮುಂದೆ ಬರುತ್ತದೆ. ಈ ಅಂಕೆಗಳು ಸುಳ್ಳಲ್ಲ. ಅವುಗಳನ್ನು ಸಂಗ್ರಹಿಸುವುದು ಅನಾವಶ್ಯಕವೂ ಅಲ್ಲ. ಆದರೆ ಅವು ತಿಳಿಸುವುದು ಭಂಡಾರದಲ್ಲಿ ಏನಿದೆ ಎಂಬುದನ್ನು ಮಾತ್ರ. ಓದಲು ಬಂದವರಿಗೆ ಏನು ದೊರೆಯಿತು, ಅದಕ್ಕಿಂತ ಮುಖ್ಯವಾಗಿ ಏನು ದೊರೆಯಲಿಲ್ಲ ಎಂಬುದನ್ನು ಅವು ತಿಳಿಸಲಾರವು. ಈ ಅಂತರವನ್ನು ಅಳೆಯುವ ಬಗೆ ಯಾವುದೆಂಬುದನ್ನು, ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರು ತಾಲ್ಲೂಕುಗಳ ಇತಿಹಾಸಕ್ಕೆ ಸೇರಿದ ಮೂರು ಪ್ರಶ್ನೆಗಳನ್ನು ಆಧಾರವಾಗಿಟ್ಟುಕೊಂಡು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿಚಾರವು ನಮ್ಮ ಜಿಲ್ಲೆಯ ಮಟ್ಟಿಗೆ ಗ್ರಂಥಾಲಯ ವಿಜ್ಞಾನದ ಒಳಚರ್ಚೆ ಮಾತ್ರವಾಗಿ ಉಳಿದಿಲ್ಲ. 1948ರಲ್ಲಿ ಆರಂಭವಾದ ಮಂಡ್ಯದ ಸರ್ಕಾರಿ ಕಾಲೇಜು 2019ರಲ್ಲಿ ವಿಶ್ವವಿದ್ಯಾನಿಲಯದ ಪದವಿಗೆ ಏರಿತು. 2025ರ ಫೆಬ್ರವರಿಯಲ್ಲಿ ರಾಜ್ಯ ಸಚಿವ ಸಂಪುಟದ ಉಪಸಮಿತಿಯೊಂದು ಹೊಸ ವಿಶ್ವವಿದ್ಯಾನಿಲಯಗಳ ಪೈಕಿ ಒಂಬತ್ತನ್ನು ಮುಚ್ಚಿ ಹಳೆಯವುಗಳಲ್ಲಿ ವಿಲೀನಗೊಳಿಸುವುದು ಲೇಸೆಂದು ಅಭಿಪ್ರಾಯಪಟ್ಟಾಗ, ಆ ಒಂಬತ್ತರಲ್ಲಿ ಮಂಡ್ಯವೂ ಸೇರಿತ್ತು. ಇಂತಹ ಚರ್ಚೆಗಳಲ್ಲಿ ಹಣ, ನೆಲ, ಕಟ್ಟಡ, ಬೋಧಕರ ಸಂಖ್ಯೆ ಇವು ಪ್ರಸ್ತಾಪಕ್ಕೆ ಬರುವುದು ಸಹಜ. ಆದರೆ ವಿದ್ಯಾರ್ಥಿಯ ಒಂದು ಪ್ರಶ್ನೆಗೂ ಅದರ ಉತ್ತರಕ್ಕೂ ಇರುವ ದೂರ ಎಷ್ಟೆಂಬುದು ಸಹ ಈ ತಕ್ಕಡಿಯಲ್ಲಿ ಇಡಬೇಕಾದ ವಸ್ತುವೇ ಸರಿ. ಮಂಡ್ಯ, ಮದ್ದೂರುಗಳು ಬೆಂಗಳೂರು–ಮೈಸೂರು ರೈಲುಮಾರ್ಗದ ಮೇಲಿವೆ; ಮಳವಳ್ಳಿಗೆ ರೈಲು ಇಲ್ಲ. ಮಂಡ್ಯದಲ್ಲಿ ದೊರೆಯದ ಗ್ರಂಥಕ್ಕಾಗಿ ಮೈಸೂರಿಗೆ ಹೋಗಬೇಕಾದರೆ ಮಳವಳ್ಳಿಯ ಹಳ್ಳಿಯೊಂದರ ವಿದ್ಯಾರ್ಥಿನಿಯ ಒಂದು ದಿನವೇ ಬಸ್ಸಿನಲ್ಲಿ ಕಳೆದುಹೋಗುತ್ತದೆ. ಆಡಳಿತವು ಯಾವ ವಿಶ್ವವಿದ್ಯಾನಿಲಯದ ಹೆಸರಿನಲ್ಲಿ ನಡೆದರೂ ಈ ದೂರವು ಹಾಗೆಯೇ ಇರುತ್ತದೆ. ಅದನ್ನು ಅಳೆದ ದಾಖಲೆ ಕೈಯಲ್ಲಿದ್ದರೆ ಉಳಿಸಬೇಕೆನ್ನುವವರ ವಾದಕ್ಕೂ ಸೇರಿಸಬೇಕೆನ್ನುವವರ ವಾದಕ್ಕೂ ಗಟ್ಟಿಯಾದ ನೆಲೆ ದೊರೆಯುತ್ತದೆ.

ಬಳಕೆಯಲ್ಲಿರುವ ಅಳತೆಗಳು

ಮೊದಲು ಈಗ ರೂಢಿಯಲ್ಲಿರುವ ಅಳತೆಗೋಲುಗಳನ್ನು ಪರೀಕ್ಷಿಸೋಣ. 1994ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ನ್ಯಾಕ್ ಸಂಸ್ಥೆಯು 2017ರಲ್ಲಿ ಪರಿಷ್ಕರಿಸಿದ ತನ್ನ ಚೌಕಟ್ಟಿನಲ್ಲಿ ಏಳು ಮಾನದಂಡಗಳನ್ನು ಇಟ್ಟುಕೊಂಡಿತ್ತು. ಅವುಗಳಲ್ಲಿ ನಾಲ್ಕನೆಯದು ಸೌಕರ್ಯ ಮತ್ತು ಕಲಿಕೆಯ ಸಾಧನಗಳಿಗೆ ಸಂಬಂಧಿಸಿದುದು. ಗ್ರಂಥಭಂಡಾರದ ಕೆಲಸಗಳು ಗಣಕೀಕೃತವಾಗಿವೆಯೆ, ಗ್ರಂಥ ಹಾಗೂ ನಿಯತಕಾಲಿಕಗಳಿಗೆ ವೆಚ್ಚವಾದ ಹಣವೆಷ್ಟು, ದಿನವೊಂದಕ್ಕೆ ಬರುವವರೆಷ್ಟು, ಕಂಪ್ಯೂಟರೊಂದಕ್ಕೆ ವಿದ್ಯಾರ್ಥಿಗಳೆಷ್ಟು, ಅಂತರ್ಜಾಲದ ವೇಗವೆಷ್ಟು ಎಂಬ ಪ್ರಶ್ನೆಗಳು ಅಲ್ಲಿದ್ದುವು. ಇವೆಲ್ಲವೂ ಒಳಗೆ ಹಾಕಿದ್ದನ್ನು ಎಣಿಸುವ ಕ್ರಮಗಳು. ದಿನಕ್ಕೆ ಎಷ್ಟು ಮಂದಿ ಬಂದರೆಂಬ ಎಣಿಕೆಯು ಮಾತ್ರ ಓದುಗರ ಕಡೆಗೆ ಒಂದು ಹೆಜ್ಜೆ ಇಡುತ್ತದೆ. ಅದಾದರೂ, ಬಂದವರು ತೃಪ್ತರಾಗಿ ಹೋದರೋ ಬರಿಗೈಯಲ್ಲಿ ಹೋದರೋ ಎಂಬುದನ್ನು ಬೇರ್ಪಡಿಸದು.

ಎರಡನೆಯ ಕ್ರಮವು ಓದುಗರನ್ನೇ ಕೇಳುವುದು. ಅಮೆರಿಕದ ಸಂಶೋಧನ ಗ್ರಂಥಾಲಯಗಳ ಸಂಘವು ಟೆಕ್ಸಾಸಿನ ಎ ಅಂಡ್ ಎಂ ವಿಶ್ವವಿದ್ಯಾನಿಲಯದೊಡನೆ ಕೂಡಿ 2000ದಲ್ಲಿ ಪ್ರಯೋಗಕ್ಕೆ ತಂದ ಲಿಬ್‌ಕ್ವಾಲ್ ಎಂಬ ಪ್ರಶ್ನಾವಳಿಯು ಇದರಲ್ಲಿ ಪ್ರಸಿದ್ಧವಾದುದು. ಅದರ 22 ಪ್ರಶ್ನೆಗಳು ಸಿಬ್ಬಂದಿಯ ಸೇವೆ, ಬೇಕಾದುದನ್ನು ತಾನೇ ಹುಡುಕಿಕೊಳ್ಳುವ ಅನುಕೂಲ, ಓದಲು ತಕ್ಕ ಸ್ಥಳ ಎಂಬ ಮೂರು ಮುಖಗಳನ್ನು ಕುರಿತವು. ಓದುಗರು ಪ್ರತಿಯೊಂದಕ್ಕೂ 1ರಿಂದ 9ರವರೆಗಿನ ಅಂಕಗಳಲ್ಲಿ ಮೂರು ಉತ್ತರಗಳನ್ನು ಕೊಡಬೇಕು: ತಾವು ಸೈರಿಸಬಲ್ಲ ಕನಿಷ್ಠ ಮಟ್ಟ, ಬಯಸುವ ಮಟ್ಟ, ವಾಸ್ತವವಾಗಿ ಕಂಡ ಮಟ್ಟ. ಒಬ್ಬರ ಕನಿಷ್ಠ ಮಟ್ಟ 6, ಬಯಕೆ 8, ಕಂಡದ್ದು 5 ಎಂದಿಟ್ಟುಕೊಂಡರೆ ಸೇವೆಯು ಕನಿಷ್ಠಕ್ಕಿಂತ ಒಂದು ಅಂಕ ಕೆಳಗಿದೆಯೆಂದು ತಿಳಿಯುತ್ತದೆ. 'ಚೆನ್ನಾಗಿದೆಯೆ, ಇಲ್ಲವೆ' ಎಂದಷ್ಟೇ ಕೇಳುವುದಕ್ಕಿಂತ ಇದು ಎಷ್ಟೋ ಮೇಲು.

ಆದರೂ ನಮ್ಮ ಸನ್ನಿವೇಶದಲ್ಲಿ ಈ ಕ್ರಮಕ್ಕೆ ಎರಡು ಮಿತಿಗಳಿವೆ. ಒಳ್ಳೆಯ ಗ್ರಂಥಭಂಡಾರವೊಂದನ್ನು ಎಂದೂ ಕಂಡಿರದ ವಿದ್ಯಾರ್ಥಿಯ ಕನಿಷ್ಠ ನಿರೀಕ್ಷೆಯೇ ತಗ್ಗಿನಲ್ಲಿರುತ್ತದೆ. ಎರಡು ಬೀರುಗಳಷ್ಟು ಪುಸ್ತಕವನ್ನು ಕಂಡವನಿಗೆ ನಾಲ್ಕು ಬೀರುಗಳೇ ಸಮೃದ್ಧಿ. ಅವನ ತೃಪ್ತಿಯು ಸಂಸ್ಥೆಗೆ ಹೆಚ್ಚಿನ ಅಂಕವನ್ನು ತಂದುಕೊಡುತ್ತದೆ. ಅವನ ಕೊರತೆಯು ಹಾಗೆಯೇ ಉಳಿಯುತ್ತದೆ. ಎರಡನೆಯದಾಗಿ, ಎರಡು ಬಾರಿ ಬಂದು ಏನೂ ದೊರೆಯದೆ ಮೂರನೆಯ ಬಾರಿ ಬಾರದೆ ಅಂಗಡಿಯ ಗೈಡನ್ನು ಕೊಂಡು ಪರೀಕ್ಷೆ ಬರೆದವರು, ಗ್ರಂಥಭಂಡಾರದ ಬಾಗಿಲಲ್ಲಿ ಹಂಚುವ ಪ್ರಶ್ನಾವಳಿಯ ಕೈಗೆ ಸಿಕ್ಕುವುದೇ ಇಲ್ಲ.

ಮೂರನೆಯ ಕ್ರಮ, ಅಂತರ್ಜಾಲದ ಮೂಲಕ ದೊರೆಯುವ ಸಂಗ್ರಹಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ ಎನ್‌-ಲಿಸ್ಟ್ ಯೋಜನೆಯು 2010ರಲ್ಲಿ ಆರಂಭವಾಗಿ ಕಾಲೇಜುಗಳಿಗೆ ವಿದ್ಯುನ್ಮಾನ ಗ್ರಂಥಗಳನ್ನು ತೆರೆದಿಟ್ಟಿತು. 2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟವು ಒಪ್ಪಿ, 2025ರ ಜನವರಿ 1ರಿಂದ ಜಾರಿಗೆ ಬಂದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯು 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಆಡಳಿತದಲ್ಲಿರುವ ಉನ್ನತ ವಿದ್ಯಾಸಂಸ್ಥೆಗಳಿಗೆ ಒದಗಿಸುವಂಥದು. ಮೂರು ವರ್ಷಗಳಿಗೆ ಇದಕ್ಕೆ ನಿಗದಿಯಾದ ಹಣ 6,000 ಕೋಟಿ ರೂಪಾಯಿ. ಭೌತವಿಜ್ಞಾನ, ವೈದ್ಯ ಮುಂತಾದ ಶಾಸ್ತ್ರಗಳಿಗೆ ಇದು ದೊಡ್ಡ ವರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಂತರರಾಷ್ಟ್ರೀಯ ಪ್ರಕಾಶಕರ ಈ ಪಟ್ಟಿಯಲ್ಲಿ ಪ್ರಬುದ್ಧ ಕರ್ನಾಟಕವನ್ನಾಗಲಿ ಕನ್ನಡ ಸಾಹಿತ್ಯ ಪರಿಷತ್ಪತ್ರಿಕೆಯನ್ನಾಗಲಿ ಹುಡುಕಿ ಫಲವಿಲ್ಲ. 13,000 ಎಂಬ ಸಂಖ್ಯೆಯನ್ನು ತನ್ನ ವಾರ್ಷಿಕ ವರದಿಯಲ್ಲಿ ಬರೆದುಕೊಂಡ ಕಾಲೇಜಿನಲ್ಲಿ, ತನ್ನ ಊರಿನ ಶಾಸನವನ್ನು ಓದಬಯಸಿದ ವಿದ್ಯಾರ್ಥಿಗೆ ಒಂದು ಪುಟವೂ ದೊರೆಯದಿರುವುದು ಸಂಭವನೀಯ.

ಮೂರು ತಾಲ್ಲೂಕು, ಮೂರು ಪ್ರಶ್ನೆ

ಈಗ ಮೂರು ಪ್ರಶ್ನೆಗಳನ್ನು ಹಿಡಿದು ಹೊರಡೋಣ. ಇವುಗಳಿಗೆ ಉತ್ತರ ಎಲ್ಲಿದೆಯೆಂಬುದು ಇತಿಹಾಸದ ಅಧ್ಯಾಪಕರಿಗೆ ವಿದಿತವೇ ಆಗಿದೆ. ವಿದ್ಯಾರ್ಥಿಯು ಅಲ್ಲಿಗೆ ತಲಪುವನೆ ಎಂಬುದಷ್ಟೇ ಇಲ್ಲಿ ಪರೀಕ್ಷೆ.

ಮೊದಲನೆಯ ಪ್ರಶ್ನೆ ಮದ್ದೂರಿನದು. ಆ ತಾಲ್ಲೂಕಿನ ಆತಕೂರು, ಎಂದರೆ ಇಂದಿನ ಆತಗೂರಿನ, ಶಾಸನದಲ್ಲಿ ಏನಿದೆ? ಶಕ 872ರ, ಕ್ರಿ. ಶ. 949–50ಕ್ಕೆ ಸರಿಹೊಂದುವ ಈ ಶಾಸನವು ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನ ವಧೆ, ಗಂಗ ಬೂತುಗನ ಪರಾಕ್ರಮ, ಅವನಿಂದ ಮಣಲೆರನು ಪಡೆದ ಕಾಳಿ ಎಂಬ ಬೇಟೆನಾಯಿಯು ಹಂದಿಯೊಡನೆ ಕಾದಿ ಸತ್ತುದು ಇವೆಲ್ಲ ಅದರಲ್ಲಿವೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ. ಇತಿಹಾಸ ಗ್ರಂಥಗಳ ಅಡಿಟಿಪ್ಪಣಿಯಲ್ಲಿ ಇದು 'ಎಪಿಗ್ರಾಫಿಯಾ ಕರ್ನಾಟಿಕ, ಸಂಪುಟ 3, ಮಂಡ್ಯ 41' ಎಂದು ಕಾಣಿಸಿಕೊಳ್ಳುತ್ತದೆ. ಅದು ಬಿ. ಎಲ್. ರೈಸ್ ಅವರು 1894ರಲ್ಲಿ ಪ್ರಕಟಿಸಿದ ಸಂಪುಟ. ಅದರಲ್ಲಿ ಮದ್ದೂರಿಗೆ ಪ್ರತ್ಯೇಕ ವಿಭಾಗವಿಲ್ಲದೆ ಅಲ್ಲಿಯ ಶಾಸನಗಳು ಮಂಡ್ಯದಲ್ಲಿ ಸೇರಿವೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಾದರೋ ಸಂಪುಟಗಳ ಕ್ರಮವೇ ಬೇರೆ. ಅದರ 3ನೆಯ ಸಂಪುಟವು ಗುಂಡ್ಲುಪೇಟೆ, ನಂಜನಗೂಡು ಮುಂತಾದ ತಾಲ್ಲೂಕುಗಳದು. ಮಂಡ್ಯ, ಮದ್ದೂರು, ಮಳವಳ್ಳಿಗಳು ನಾಗಮಂಗಲದೊಡನೆ 1979ರ 7ನೆಯ ಸಂಪುಟಕ್ಕೆ ಹೋಗಿವೆ. ಅಡಿಟಿಪ್ಪಣಿಯನ್ನು ನಂಬಿ ಹೊಸ ಆವೃತ್ತಿಯ 3ನೆಯ ಸಂಪುಟವನ್ನು ತೆಗೆದವರಿಗೆ ಆತಕೂರಿನ ಸುಳಿವೇ ಸಿಕ್ಕದು. ಇಲ್ಲಿ ಗ್ರಂಥವಿದೆ, ಕಪಾಟಿನಲ್ಲಿಯೇ ಇದೆ. ಆದರೂ ಓದುಗನ ಪಾಲಿಗೆ ಅದು ಇಲ್ಲ. ಹಳೆಯ ಹಾಗೂ ಹೊಸ ಸಂಖ್ಯೆಗಳನ್ನು ಹೊಂದಿಸಿ ತೋರಿಸುವ ಒಂದು ಹಾಳೆಯನ್ನು ಬೀರುವಿಗೆ ಅಂಟಿಸಿದರೆ ಈ ಕೊರತೆ ನೀಗುತ್ತದೆ. ಇದಕ್ಕೆ ಅನುದಾನ ಬೇಕಾಗಿಲ್ಲ.

ಎರಡನೆಯ ಪ್ರಶ್ನೆ ಮಂಡ್ಯದ್ದು. ಕನ್ನಂಬಾಡಿಯ ನಾಲೆಯ ನೀರು ಬಂದ ಮೇಲೆ ಇಲ್ಲಿಯ ಬೇಸಾಯವು ಹೇಗೆ ಮಾರ್ಪಟ್ಟಿತು? 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾದುದಕ್ಕೂ 1939ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾದುದಕ್ಕೂ ಹಿನ್ನೆಲೆಯಾದ ಪ್ರಶ್ನೆಯಿದು. ಇಂದಿನ ವಿದ್ಯಾರ್ಥಿಯು ಕಂಪ್ಯೂಟರಿನ ಗ್ರಂಥಸೂಚಿಯಲ್ಲಿ 'ವಿಶ್ವೇಶ್ವರಯ್ಯ ನಾಲೆ' ಎಂದೋ 'ವಿ. ಸಿ. ನಾಲೆ' ಎಂದೋ ಹುಡುಕುತ್ತಾನೆ. ಆದರೆ ಆ ಕಾಲದ ಸರ್ಕಾರಿ ವರದಿಗಳಲ್ಲಿ ಅದಕ್ಕಿದ್ದ ಹೆಸರು, 1926ರಿಂದ 1931ರವರೆಗೆ ವೈಸರಾಯರಾಗಿದ್ದ ಲಾರ್ಡ್ ಇರ್ವಿನ್ನರ ನೆನಪಿನ 'ಇರ್ವಿನ್ ನಾಲೆ.' ಹಳೆಯ ಕಾರ್ಡು ಸೂಚಿಯಲ್ಲಿ ಇಂತಹ ಹೆಸರುಗಳಿಗೆ 'ಇದನ್ನು ನೋಡಿ' ಎಂಬ ಕಾರ್ಡೊಂದನ್ನು ಇಡುವ ಪದ್ಧತಿಯಿತ್ತು. ಗ್ರಂಥಗಳ ಶೀರ್ಷಿಕೆಗಳನ್ನು ಮಾತ್ರ ಗಣಕಕ್ಕೆ ಏರಿಸಿ ಆ ಕಾರ್ಡುಗಳನ್ನು ಬಿಟ್ಟರೆ, ಯಂತ್ರವು 'ಯಾವುದೂ ಇಲ್ಲ' ಎಂದು ನಿಸ್ಸಂಕೋಚವಾಗಿ ಹೇಳಿಬಿಡುತ್ತದೆ. ಕನ್ನಡ ಗ್ರಂಥಗಳ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆದಿಟ್ಟಿರುವ ಸೂಚಿಗಳಲ್ಲಂತೂ ತೊಡಕು ಇಮ್ಮಡಿ. ಮದ್ದೂರು, ಆತಗೂರು ಎಂಬ ಹೆಸರುಗಳನ್ನೇ ಆ ಲಿಪಿಯಲ್ಲಿ ಮೂರು ನಾಲ್ಕು ಬಗೆಯಾಗಿ ಬರೆಯಬಹುದು. ಬರೆದವರು ಯಾವುದನ್ನು ಆರಿಸಿಕೊಂಡರೆಂದು ಹುಡುಕುವವರಿಗೆ ತಿಳಿಯುವ ಬಗೆ ಇಲ್ಲ.

ಮೂರನೆಯದು ಮಳವಳ್ಳಿಯ ಪ್ರಶ್ನೆ. ಆ ತಾಲ್ಲೂಕಿನ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುಚ್ಛಕ್ತಿಯು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿದದ್ದು ಹೇಗೆ? ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ, ಎಂಜಿನಿಯರ್ ಜೋಲಿ ದ ಲೋಟ್ಬಿನಿಯೇರ್ ಅವರು ನಡೆಸಿದ ಈ ಕಾರ್ಯದ ವಿವರಗಳು ಇಂಗ್ಲಿಷ್ ವರದಿಗಳಲ್ಲಿವೆ. ಇಂತಹ ಹಳೆಯ ಗ್ರಂಥಗಳಲ್ಲಿ ಹಲವು ಛಾಯಾಪ್ರತಿಗಳ ರೂಪದಲ್ಲಿ ಅಂತರ್ಜಾಲಕ್ಕೆ ಬಂದಿದ್ದು, ಮನೆಯಿಂದಲೇ ಓದಲು ಉಚಿತವಾಗಿ ದೊರೆಯುತ್ತವೆ. ಮಳವಳ್ಳಿಯ ವಿದ್ಯಾರ್ಥಿನಿಗೆ ಬಸ್ಸಿನ ಪ್ರಯಾಣವನ್ನು ತಪ್ಪಿಸಬಲ್ಲ ಸೇವೆಯೆಂದರೆ ಇದೇ. ಆದರೆ ಇಲ್ಲಿಯೂ ಅಡೆತಡೆಗಳುಂಟು. ಆ ಬರೆಹಗಳಲ್ಲಿ ಸ್ಥಳದ ಹೆಸರು ಶಿವಸಮುದ್ರಂ ಎಂದಿರುತ್ತದೆ, ಇಲ್ಲವೇ ಯೋಜನೆಯ ಹೆಸರು ಕಾವೇರಿ ಜಲಪಾತ ಎಂದಷ್ಟೇ ಇರುತ್ತದೆ. ಛಾಯಾಪ್ರತಿಯು ಚಿತ್ರಮಾತ್ರವಾಗಿದ್ದರೆ ಅದರೊಳಗಿನ ಪದಗಳನ್ನು ಯಂತ್ರವು ಹುಡುಕಲಾರದು. ಕನ್ನಡದಲ್ಲಿ ಹಳೆಯ ನುಡಿ, ಬರಹ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ ಲೇಖನಗಳು ಕಣ್ಣಿಗೆ ಕನ್ನಡವಾದರೂ ಯಂತ್ರಕ್ಕೆ ರೋಮನ್ ಸಂಕೇತಗಳ ಸಾಲು. ಯೂನಿಕೋಡಿನಲ್ಲಿ ಹುಡುಕಿದವರಿಗೆ ಅವು ಗೋಚರವಾಗವು. ಇನ್ನು ಚಂದಾ ಕೊಟ್ಟು ಪಡೆದ ಸಂಗ್ರಹಗಳಿಗೆ ಕಾಲೇಜಿನ ಮೂಲಕ ಪ್ರವೇಶದ ಹೆಸರು, ಗುಪ್ತಪದಗಳು ಬೇಕು. ಅವು ವಿದ್ಯಾರ್ಥಿಯ ಕೈ ಸೇರದಿದ್ದರೆ ಚಂದಾ ಕಾಗದದ ಮೇಲೆಯೇ ಉಳಿಯುತ್ತದೆ.

ನಾಲ್ಕು ಬಾಗಿಲುಗಳು

ಈ ಮೂರು ಪ್ರಶ್ನೆಗಳನ್ನು ಒಟ್ಟಾಗಿ ನೋಡಿದರೆ ಒಂದು ಸಾಮಾನ್ಯ ಸೂತ್ರವು ಹೊರಪಡುತ್ತದೆ. ಪ್ರಶ್ನೆಯಿಂದ ಉತ್ತರಕ್ಕೆ ಹೋಗುವವರು ನಾಲ್ಕು ಬಾಗಿಲುಗಳನ್ನು ದಾಟಬೇಕು. ಗ್ರಂಥವನ್ನು ಸಂಸ್ಥೆಯು ಪಡೆದಿರಬೇಕು. ಅದು ಸೂಚಿಯಲ್ಲಿ ಕಾಣಿಸಬೇಕು. ಕಾಣಿಸಿದ್ದು ಆ ಹೊತ್ತಿಗೆ ಸ್ವಸ್ಥಾನದಲ್ಲಿರಬೇಕು. ಕೈಗೆ ಬಂದದ್ದು ಓದಲು, ಬಳಸಲು ಒದಗಬೇಕು. 1970ರ ದಶಕದಲ್ಲಿ ಅಮೆರಿಕದ ಪಾಲ್ ಕ್ಯಾಂಟರ್ ಎಂಬ ವಿದ್ವಾಂಸರು ಓದುಗರ ವೈಫಲ್ಯವನ್ನು ಹೀಗೆ ಹಂತಹಂತವಾಗಿ ಬಿಡಿಸಿ ಎಣಿಸುವ ವಿಧಾನವನ್ನು ರೂಪಿಸಿದರು. ಮೇಲಿನ ವಿಂಗಡಣೆಯು ನಮ್ಮ ಅಗತ್ಯಕ್ಕೆ ತಕ್ಕಂತೆ ಅದನ್ನು ಹೊಂದಿಸಿಕೊಂಡದ್ದು.

ಈ ವಿಧಾನದ ಬಲವು ಒಂದು ಸರಳ ಗುಣಾಕಾರದಲ್ಲಿದೆ. ನಾಲ್ಕು ಬಾಗಿಲುಗಳಲ್ಲಿ ಪ್ರತಿಯೊಂದೂ ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ತೆರೆಯುತ್ತದೆ ಎಂದು ಊಹಿಸೋಣ. ಪ್ರತ್ಯೇಕವಾಗಿ ನೋಡಿದರೆ ಪ್ರತಿಯೊಂದು ವಿಭಾಗವೂ ಮೆಚ್ಚತಕ್ಕ ಕೆಲಸವನ್ನೇ ಮಾಡುತ್ತಿದೆ. ಆದರೆ 0.9ನ್ನು ನಾಲ್ಕು ಬಾರಿ ಗುಣಿಸಿದರೆ ಬರುವುದು 0.6561. ಎಂದರೆ ನೂರು ಮಂದಿಯಲ್ಲಿ ಸುಮಾರು 34 ಮಂದಿ ಬರಿಗೈಯಲ್ಲಿ ಹಿಂದಿರುಗುತ್ತಾರೆ. ಮೂರು ಬಾಗಿಲುಗಳು ಹಾಗೆಯೇ ಇದ್ದು, ಸೂಚಿಯೆಂಬ ಒಂದು ಬಾಗಿಲು ಮಾತ್ರ ಅರ್ಧದಷ್ಟು ಮಂದಿಗೆ ಮುಚ್ಚಿದ್ದರೆ ಫಲವು 0.3645ಕ್ಕೆ ಇಳಿದುಬಿಡುತ್ತದೆ. ಆಗ ಹೊಸ ಗ್ರಂಥಗಳನ್ನು ಕೊಳ್ಳುವುದಕ್ಕೆ ಎಷ್ಟು ಹಣ ಸುರಿದರೂ ಅದು ಮೊದಲನೆಯ ಬಾಗಿಲನ್ನು ಅಗಲಿಸುವುದೇ ಹೊರತು ಮುಚ್ಚಿದ ಬಾಗಿಲನ್ನು ತೆರೆಯದು. ರೋಗ ಒಂದು ಕಡೆ, ಔಷಧ ಇನ್ನೊಂದು ಕಡೆ ಆಗುತ್ತದೆ.

ಹೀಗಾಗಲು ಕಾರಣವೂ ಸ್ಪಷ್ಟ. ಗ್ರಂಥಭಂಡಾರವು ತಾನು ಕೊಟ್ಟದ್ದನ್ನು ಬರೆದಿಡುತ್ತದೆ; ಕೊಡಲಾಗದ್ದನ್ನು ಬರೆದಿಡುವುದಿಲ್ಲ. ಸಂಗ್ರಹಕ್ಕೆ ಸೇರಿದ ಗ್ರಂಥಕ್ಕೊಂದು ರಿಜಿಸ್ಟರು, ಎರವಲು ಹೋದದ್ದಕ್ಕೊಂದು, ಬಾಗಿಲಲ್ಲಿ ಸಹಿ ಹಾಕಿದವರಿಗೊಂದು ಇದೆ. 'ಇಲ್ಲ' ಎಂಬ ಉತ್ತರಕ್ಕೆ ಮಾತ್ರ ರಿಜಿಸ್ಟರಿಲ್ಲ. ಇತಿಹಾಸವನ್ನು ಬಲ್ಲವರಿಗೆ ಈ ಸ್ಥಿತಿ ಹೊಸತಲ್ಲ. ಶಾಸನಗಳು ದಾನ ಕೊಟ್ಟವರನ್ನು ಹೆಸರಿಸುತ್ತವೆ. ಕೇಳಿ ಪಡೆಯದೆ ಹೋದವರ ಸಂಗತಿಯನ್ನು ಕಲ್ಲಿನ ಮೇಲೆ ಬರೆಸಿದವರು ಯಾರೂ ಇಲ್ಲ.

ದೊರೆಯದುದರ ದಾಖಲೆ

ಆದುದರಿಂದ ಪ್ರತಿಯೊಂದು ಕಾಲೇಜಿನ ಗ್ರಂಥಭಂಡಾರದಲ್ಲಿಯೂ ದೊರೆಯದುದರ ದಾಖಲೆಪುಸ್ತಕವೊಂದನ್ನು ಇಡುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಅದಕ್ಕೆ ಐದು ಅಂಕಣಗಳು ಸಾಕು: ದಿನಾಂಕ, ಹುಡುಕಿದ ಗ್ರಂಥ ಅಥವಾ ವಿಷಯ, ಹುಡುಕಲು ಬಳಸಿದ ಪದ, ನಾಲ್ಕು ಬಾಗಿಲುಗಳಲ್ಲಿ ಯಾವುದು ಮುಚ್ಚಿತ್ತು, ಕೊನೆಗೆ ಎಂದು ಒದಗಿತು. ಓದುಗರ ಹೆಸರು ಬೇಕಾಗಿಲ್ಲ. ಕಂಪ್ಯೂಟರಿನ ಸೂಚಿಯಲ್ಲಿ ಫಲ ಕೊಡದ ಹುಡುಕಾಟಗಳನ್ನು ತಾನೇ ದಾಖಲಿಸಿಡುವ ಅನುಕೂಲವಿದ್ದರೆ ಆ ಪಟ್ಟಿಯನ್ನೂ ತಿಂಗಳಿಗೊಮ್ಮೆ ತೆಗೆದು ನೋಡತಕ್ಕದ್ದು. 'ವಿ. ಸಿ. ನಾಲೆ' ಎಂಬ ಪದವು ಅದರಲ್ಲಿ ಮೂರು ಬಾರಿ ಕಂಡುಬಂದರೆ, ಇರ್ವಿನ್ ನಾಲೆಯ ಗ್ರಂಥಗಳಿಗೆ ಆ ಹೆಸರನ್ನೂ ಜೋಡಿಸುವುದು ಕೆಲವೇ ನಿಮಿಷಗಳ ಕೆಲಸ.

ಇದರೊಡನೆ ಪ್ರತಿಯೊಂದು ಅಧ್ಯಯನ ವಿಭಾಗವೂ ವರ್ಷಕ್ಕೊಮ್ಮೆ ಹತ್ತು ಪ್ರಶ್ನೆಗಳನ್ನು ಸಿದ್ಧಪಡಿಸಲಿ. ಉತ್ತರವು ಇರುವ ಸ್ಥಳ ಅಧ್ಯಾಪಕರಿಗೆ ನಿಶ್ಚಿತವಾಗಿ ತಿಳಿದಿರಬೇಕು. ಅವುಗಳನ್ನು ಮೇಲೆ ಹೆಸರಿಸಿದ ಮೂರು ಊರುಗಳ ಕಾಲೇಜುಗಳ ವಿದ್ಯಾರ್ಥಿಗಳಿಗೆ ಕೊಟ್ಟು, ಯಾರು ಎಲ್ಲಿಯವರೆಗೆ ಹೋದರು, ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಗುರುತಿಸಿಕೊಳ್ಳಬೇಕು. ಇಲ್ಲಿ ಪರೀಕ್ಷೆಗೆ ಒಳಗಾಗುವುದು ವಿದ್ಯಾರ್ಥಿಯಲ್ಲ, ಗ್ರಂಥಭಂಡಾರ ಎಂಬುದನ್ನು ಮೊದಲೇ ಹೇಳತಕ್ಕದ್ದು. ಒಂದು ಎಚ್ಚರಿಕೆಯ ಮಾತು: ಹತ್ತು ಪ್ರಶ್ನೆಗಳ ಫಲವನ್ನು ಶೇಕಡಾವಾರಿಗೆ ತಿರುಗಿಸಿ ಕಾಲೇಜು ಕಾಲೇಜುಗಳನ್ನು ಹೋಲಿಸಬಾರದು. ಯಾದೃಚ್ಛಿಕವಾಗಿ ಆರಿಸಿದ ನೂರು ಹುಡುಕಾಟಗಳಿದ್ದಾಗಲೂ, ಅರ್ಧದಷ್ಟು ಸಫಲವಾಗಿದ್ದಲ್ಲಿ, ಸಂಖ್ಯಾಶಾಸ್ತ್ರದ ಪ್ರಕಾರ ಸುಮಾರು ಹತ್ತು ಅಂಶಗಳಷ್ಟು ಹೆಚ್ಚು ಕಡಮೆಯಾಗುವ ಸಂಭವವುಂಟು. ಹತ್ತು ಪ್ರಶ್ನೆಗಳು ವೈದ್ಯನು ನಾಡಿ ಹಿಡಿದಂತೆ; ರೋಗ ಯಾವ ಕಡೆಗಿದೆಯೆಂದು ತೋರಿಸುತ್ತವೆ, ಅಷ್ಟೆ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಒಬ್ಬರೇ ಗ್ರಂಥಪಾಲರಿರುವ ಕಾಲೇಜಿನಲ್ಲಿ ಇನ್ನೊಂದು ರಿಜಿಸ್ಟರನ್ನು ಬರೆಯುವವರು ಯಾರು ಎಂಬುದು ಮೊದಲನೆಯದು. ಬರೆಯಬೇಕಾದವರು ಗ್ರಂಥಪಾಲರಲ್ಲ, ಓದುಗರೇ. ಮೇಜಿನ ಮೇಲೆ ಪುಸ್ತಕವೂ ಪೆನ್ನೂ ಇದ್ದರೆ ಸಾಕು. ಕೊರತೆಗಳನ್ನು ನಾವೇ ಬರೆದಿಟ್ಟರೆ ಅದು ಸಂಸ್ಥೆಯ ವಿರುದ್ಧ ಸಾಕ್ಷ್ಯವಾಗದೆ ಎಂಬುದು ಎರಡನೆಯದು. ಈ ಭಯವು ನಿರಾಧಾರವಲ್ಲ; ಮುಚ್ಚುವ ಮಾತು ಕೇಳಿಬಂದಿರುವ ಕಾಲದಲ್ಲಿ ಅದು ಇನ್ನೂ ಸಹಜ. ಆದರೆ ಕೊರತೆಯನ್ನು ಕಾರಣಸಹಿತವಾಗಿ ತೋರಿಸಬಲ್ಲ ಸಂಸ್ಥೆಯು ಏನನ್ನು ಕೇಳಬೇಕೆಂಬುದನ್ನೂ ಬಲ್ಲದು. 'ಗ್ರಂಥಭಂಡಾರಕ್ಕೆ ಹಣ ಸಾಲದು' ಎಂಬ ಮನವಿಗಿಂತ, 'ಈ ವರ್ಷ ಇಷ್ಟು ಬಾರಿ ಓದುಗರು ಹಿಂದಿರುಗಿದರು. ಅವುಗಳಲ್ಲಿ ಇಷ್ಟಕ್ಕೆ ಮಾತ್ರ ಹಣ ಬೇಕು, ಉಳಿದುದನ್ನು ನಾವೇ ಸರಿಪಡಿಸಿದ್ದೇವೆ' ಎಂಬ ಮನವಿಗೆ ತೂಕ ಹೆಚ್ಚು.

ಗ್ರಂಥಾಲಯ ಶಾಸ್ತ್ರದ ಆಚಾರ್ಯರಾದ ಎಸ್. ಆರ್. ರಂಗನಾಥನ್ ಅವರು ತಮ್ಮ ಪಂಚಸೂತ್ರಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದ್ದು 1931ರಲ್ಲಿ. ಅವರ ಕೊನೆಯ ವರ್ಷಗಳು ಬೆಂಗಳೂರಿನಲ್ಲಿಯೇ ಕಳೆದುವು; 1962ರಲ್ಲಿ ಅವರು ಅಲ್ಲಿ ಆರಂಭಿಸಿದ ದಾಖಲೀಕರಣ ಸಂಶೋಧನ ಮತ್ತು ತರಬೇತಿ ಕೇಂದ್ರವು ಇಂದಿಗೂ ನಡೆಯುತ್ತಿದೆ. ಪ್ರತಿಯೊಬ್ಬ ಓದುಗನಿಗೂ ಅವನ ಗ್ರಂಥ, ಓದುಗನ ಕಾಲವನ್ನು ಉಳಿಸು ಎಂಬರ್ಥದ ಅವರ ಸೂತ್ರಗಳು ಪಠ್ಯಪುಸ್ತಕಗಳಲ್ಲಿ ಕಂಠಪಾಠವಾಗಿವೆ. ಅವುಗಳನ್ನು ಅಳತೆಗೋಲಾಗಿ ಬಳಸಬೇಕಾದರೆ, ಗ್ರಂಥವನ್ನು ಪಡೆಯದ ಓದುಗರೆಷ್ಟು, ವ್ಯರ್ಥವಾದ ಕಾಲವೆಷ್ಟು ಎಂಬುದನ್ನು ಎಣಿಸುವುದಕ್ಕಿಂತ ನೇರವಾದ ಮಾರ್ಗವಿಲ್ಲ. ಇತಿಹಾಸದ ವಿಭಾಗಗಳು ಮುಂದಿನ ಶೈಕ್ಷಣಿಕ ವರ್ಷದ ಆರಂಭದಲ್ಲಿ, ಮೇಲ್ಕಂಡ ಮೂರು ಪ್ರಶ್ನೆಗಳಿಗೆ ತಮ್ಮ ಏಳನ್ನು ಸೇರಿಸಿಕೊಂಡು, ಈ ಕಾರ್ಯವನ್ನು ಕೈಗೊಳ್ಳಬಹುದಾಗಿದೆ.